ಬೆರಳಿಗಂಟಿದ ವಿಭೂತಿ

"ಅದನ್ನ ಮುಟ್ಟಬೇಡಿ!"

ಆ ಕೂಗಿಗೆ ಶಿಲ್ಪಶ್ರೀಯ ಕೈ ಅರ್ಧದಲ್ಲೇ ನಿಂತುಬಿಟ್ಟಿತು.

ಅವಳೇನೂ ಆ ಮನೆಯ ಬೀರುವಿಗೆ ಕೈ ಹಾಕಿರಲಿಲ್ಲ. ಕಂಪ್ಯೂಟರ್ ಆನ್ ಆಗುತ್ತಿಲ್ಲ ಅಂತ ಫೋನ್ ಬಂದಿತ್ತು, ಬಂದಿದ್ದಳು. ಸಿಪಿಯು ಮೇಲೆ ದೊಡ್ಡದೊಂದು ಕಪ್ಪು ಹೆಡ್‌ಫೋನ್ ಇತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೆಲಸ ಶುರು ಮಾಡೋಣ ಅಂದುಕೊಂಡಿದ್ದಳು, ಅಷ್ಟೇ.

ಕೂಗಿದವನು ಬಾಗಿಲಲ್ಲಿ ನಿಂತಿದ್ದ. ಮೂವತ್ತೈದರ ಆಸುಪಾಸು. ವಾರದಿಂದ ಬ್ಲೇಡು ಕಾಣದ ಗಡ್ಡ, ಅದಕ್ಕಿಂತ ಹೆಚ್ಚು ದಿನದಿಂದ ನಿದ್ದೆ ಕಾಣದ ಕಣ್ಣು. ಮುಖ ಸಿಟ್ಟಿನಿಂದ ಕೆಂಪಾಗಿರಲಿಲ್ಲ... ಬಿಳಿಚಿಕೊಂಡಿತ್ತು.

'ಕರೆಸ್ಕೊಂಡಿದ್ದೂ ಇವರೇ, ಕಿರುಚೋದೂ ಇವರೇ. ಸಖತ್ ಮರ್ಯಾದೆ!' ಎಂದುಕೊಂಡಳು ಶಿಲ್ಪಶ್ರೀ.

"ಮುಟ್ಟದೇ ರಿಪೇರಿ ಮಾಡೋ ಮಂತ್ರ ನಂಗೆ ಬರಲ್ಲ ಸಾರ್," ಅಂದಳು. "ನೀವೇ ತೆಗೀರಿ. ಇಲ್ಲಾಂದ್ರೆ ನಾನು ಹೊರಡ್ತೀನಿ."

ಅವನು ಒಳಗೆ ಬಂದು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಎತ್ತಿ ಗೋಡೆಯ ಮೊಳೆಗೆ ನೇತುಹಾಕಿದ.

"ಸಾರಿ ಮೇಡಂ," ಅಂದ, ಅವಳ ಕಡೆ ನೋಡದೇ. "ಸಂಜೆಯೊಳಗೆ ಒಂದು ಎಪಿಸೋಡ್ ಕಳಿಸ್ಬೇಕು. ಬೆಳಗ್ಗೆಯಿಂದ ಇದು ಸತ್ತು ಬಿದ್ದಿದೆ."

ಆ ಮಾತು ಬಾಯಿಂದ ಬಿದ್ದದ್ದೇ ಅವನು ತುಟಿ ಕಚ್ಚಿಕೊಂಡ. ಹಾಲ್‌ನಲ್ಲಿ ಕೂತಿದ್ದ ಹಿರಿಯರೊಬ್ಬರು ಸುಮ್ಮನೆ ಕೆಮ್ಮಿದರು. ಅವರ ತಲೆಯ ಮೇಲೆ, ಗೋಡೆಯಲ್ಲಿ, ಹೂವಿನ ಹಾರ ಹಾಕಿದ ಒಬ್ಬ ಹೆಂಗಸಿನ ಫೋಟೋ ಇತ್ತು.

ಜೆ.ಪಿ. ನಗರ ಮೂರನೇ ಹಂತದ ಆ ಮಹಡಿ ಮನೆಯಲ್ಲಿ ಇದ್ದದ್ದು ಇಬ್ಬರೇ. ಮಗ ಚಿದಾನಂದ್. ಬೇರೆ ಭಾಷೆಯ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬರುತ್ತವಲ್ಲ, ಅವುಗಳ ಧ್ವನಿಯನ್ನು ಸೋಸಿ ಹೊಂದಿಸುವುದು ಅವನ ಕೆಲಸ. ಅಪ್ಪ ಕೊಟ್ರಪ್ಪ. ಜೀವನವಿಡೀ ಕರೆಂಟ್ ಕಂಬ ಹತ್ತಿಳಿದು ನಿವೃತ್ತರಾದ ಲೈನ್‌ಮನ್. ಹಣೆಯ ಮೇಲೆ ಮೂರೆಳೆ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಮಾತು ಕಡಿಮೆ.

ಶಿಲ್ಪಶ್ರೀಗೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಒಂದೇ ಶಟರಿನ ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿ. ಡಿಪ್ಲೊಮಾ ಮುಗಿಸಿ, ಬೇರೆಯವರ ಕೈಕೆಳಗೆ ದುಡಿದು, ಅಪ್ಪ ತೀರಿಕೊಂಡ ವರ್ಷ ಹಟ ಹಿಡಿದು ತನ್ನದೇ ಬೋರ್ಡು ಹಾಕಿಸಿದವಳು. ಈ ಕಸುಬಿನಲ್ಲಿ ನಂಬಿಕೆಯೇ ಬಂಡವಾಳ. ಡಬ್ಬಿ ಮುಚ್ಚಿದ ಮೇಲೆ ಒಳಗೆ ಏನು ಮಾಡಿದರೋ ಯಾರಿಗೆ ಗೊತ್ತು ಅಂತ ಗಿರಾಕಿಗೆ ಸದಾ ಅನುಮಾನ. ಅದಕ್ಕೇ ಅವಳದೊಂದು ರೂಢಿ. ಏನು ಕೆಟ್ಟಿದೆ, ಏನು ಮಾಡಿದೆ ಎಂದು ಬೆರಳಿಟ್ಟು ತೋರಿಸಿ, ಅರ್ಥ ಮಾಡಿಸಿ, ಆಮೇಲೆಯೇ ಸ್ಕ್ರೂ ಹಾಕುವುದು.

ಆ ರೂಢಿಯೇ ತನಗೆ ಮುಳುವಾಗುತ್ತದೆ ಎಂದು ಪಾಪ, ಅವತ್ತು ಅವಳಿಗೆ ಹೇಗೆ ಗೊತ್ತಾಗಬೇಕು!

ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಇಟ್ಟಳು. ಕರೆಂಟ್ ಇತ್ತು. ಕೇಬಲ್ ಎಳೆದು ನೋಡಿದಳು. ಗಟ್ಟಿಯಾಗಿತ್ತು. ಸಿಪಿಯುವನ್ನು ತಿರುಗಿಸಿ ಹಿಂಭಾಗ ನೋಡಿದವಳಿಗೆ ನಗು ಬಂತು.

"ಸಾರ್, ಇಲ್ಲೊಂದು ಚಿಕ್ಕ ಸ್ವಿಚ್ ಇದೆ ನೋಡಿ. ಇದು ಆಫ್ ಆಗಿದೆ."

ಚಿದಾನಂದನ ಕಿವಿ ಕೆಂಪಾಯಿತು. "ಅದನ್ನ ಯಾರೂ ಮುಟ್ಟಲ್ವಲ್ಲ..."

"ಬೆಳಗ್ಗೆ ಹಿಂದ್ಗಡೆ ಕಸ ಹೊಡೆದೆ. ಪೊರಕೆ ತಗುಲಿರ್ಬೇಕು," ಅಂದರು ಕೊಟ್ರಪ್ಪ ಹಾಲ್‌ನಿಂದಲೇ. ನಿಧಾನವಾಗಿ ಎದ್ದುಬಂದು ಅವಳ ಪಕ್ಕ ಬಗ್ಗಿ ನಿಂತರು. "ಇಷ್ಟು ಸಣ್ಣ ಸ್ವಿಚ್ಚಿಗೆ ಇಡೀ ಮಿಷನ್ ನಿಂತುಬಿಡುತ್ತೇನವ್ವ?"

"ನಿಂತ್ಬಿಡುತ್ತೆ ಅಂಕಲ್. ಬಂದಿದ್ದೇ ಬಂದೆ, ಒಳಗಿನ ಧೂಳೂ ತೆಗೆದುಬಿಡ್ತೀನಿ. ನೋಡಿ, ಇದು ರ್‍ಯಾಮ್ ಅಂತ. ಈ ಕಡೆ ಆ ಕಡೆ ಕ್ಲಿಪ್ ಒತ್ತಿದ್ರೆ ಎದ್ದು ಬರುತ್ತೆ. ಸರಿಯಾಗಿ ಕೂರದಿದ್ರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಬರಲ್ಲ."

"ಓಹೋ..." ಅಂದರು ಕೊಟ್ರಪ್ಪ, ಬಹಳ ಆಸಕ್ತಿಯಿಂದ.

ಕೆಲ ದಿನಗಳಲ್ಲೇ ಮತ್ತೆ ಫೋನ್ ಬಂತು. ಫ್ಯಾನ್ ತಿರುಗುತ್ತಿತ್ತು. ಸ್ಕ್ರೀನ್ ಮಾತ್ರ ಬರುತ್ತಿರಲಿಲ್ಲ.

ಶಿಲ್ಪಶ್ರೀ ಹೋಗಿ ನೋಡಿದರೆ ರ್‍ಯಾಮ್ ಒಂದು ಕಡೆ ಎದ್ದು ನಿಂತಿತ್ತು. 'ನಾನೇ ಸರಿಯಾಗಿ ಕೂರಿಸಲಿಲ್ಲವಾ?' ಅಂತ ನಾಚಿಕೆಯಾಯಿತು. ಒರೆಸಿ, ಒತ್ತಿ ಕೂರಿಸಿದಳು. ಹಣದ ಮಾತೆತ್ತಲಿಲ್ಲ.

ಅವತ್ತು ಆ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಹಾಲ್‌ನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಅವಳಿಗೂ ಒಂದು ತಟ್ಟೆ ಬಂತು.

"ಉಪ್ಪು ಜಾಸ್ತಿ ಆಗಿದ್ಯೇನವ್ವ?"

"ಉಪ್ಪೇ ಹಾಕಿಲ್ಲ ಅಂಕಲ್!"

ಚಿದಾನಂದ್ ನಕ್ಕ. ನಕ್ಕು, ತಾನು ನಕ್ಕಿದ್ದಕ್ಕೆ ತಾನೇ ಬೆಚ್ಚಿದವನಂತೆ ತಲೆ ತಗ್ಗಿಸಿದ. ಕೊಟ್ರಪ್ಪ ಮಗನ ಮುಖವನ್ನು ನೋಡಿದ ರೀತಿ ಶಿಲ್ಪಶ್ರೀಯ ಮನಸ್ಸಿಗೆ ನಾಟಿತು. ಹಸಿದವರು ಊಟದೆಲೆಯನ್ನು ಹಾಗೆ ನೋಡುತ್ತಾರೆ.

ಸಿಸ್ಟಮ್ ಆನ್ ಆಯಿತು. ಚಿದಾನಂದ್ ಕೆಲಸಕ್ಕೆ ಕೂತ. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡ, ಇನ್ನೊಂದು ಕಡೆಯದನ್ನು ಹಿಂದಕ್ಕೆ ತಳ್ಳಿದ. ಸ್ವಲ್ಪ ಕೇಳಿದ, ನಿಲ್ಲಿಸಿದ. ಹೆಡ್‌ಫೋನ್ ತಿರುಗಿಸಿ ಹಾಕಿಕೊಂಡು, ಇನ್ನೊಂದು ಬದಿಯಲ್ಲಿ ಬರುವ ಬೇರೆ ಸದ್ದಿಗಾಗಿ ಅದನ್ನೇ ಮತ್ತೆ ಕೇಳಿದ.

"ಎರಡೂ ಕಿವಿಗೆ ಹಾಕ್ಕೊಂಡ್ರೆ ಅರ್ಧ ಹೊತ್ತಲ್ಲಿ ಮುಗಿಯಲ್ವಾ?" ಅಂತ ಕೇಳಿದಳು.

"ಅಭ್ಯಾಸ," ಅಂದ. ಆ ಒಂದು ಪದದಲ್ಲಿ ಬಾಗಿಲು ಮುಚ್ಚಿಕೊಂಡ ಸದ್ದಿತ್ತು.

ಅವಳು ಬ್ಯಾಗು ಹೆಗಲಿಗೇರಿಸಿದಳು. ಇನ್ನೇನು ಹೊರಡಬೇಕು...

"ಮೇಡಂ... ಒಂದ್ನಿಮಿಷ ಇರ್ತೀರಾ? ನೀವು ಈ ಕಡೆದು ಕೇಳಿ, ನಾನು ಆ ಕಡೆದು ಕೇಳ್ತೀನಿ. ಬೇಗ ಮುಗಿಯುತ್ತೆ."

ಹೀಗೆ ಒಂದೇ ಹೆಡ್‌ಫೋನು ಇಬ್ಬರ ನಡುವೆ ಬಂತು. ಒಂದು ಬದಿಯನ್ನು ಅವನು ಕಿವಿಗೆ ಹಿಡಿದ, ಮತ್ತೊಂದು ಬದಿಯನ್ನು ಅವಳು. ತೆರೆಯ ಮೇಲೆ ಯಾವುದೋ ಊರಿನ ಸೊಸೆಯೊಬ್ಬಳು ಕಿಟಕಿಯ ಬಳಿ ನಿಂತಿದ್ದಳು.

"ಏನ್ ಕೇಳಿಸ್ತಿದೆ?"

"ಬಳೆ ಸದ್ದು. ಆಮೇಲೆ... ಅವಳು ಉಸಿರು ಹಿಡ್ಕೊಂಡಿದಾಳೆ. ಅಳು ಬರಬಾರದು ಅಂತ."

ಚಿದಾನಂದ್ ತಿರುಗಿ ಅವಳನ್ನು ನೋಡಿದ. ಮೊದಲ ಸಲ, ಪೂರ್ತಿಯಾಗಿ.

"ಅದು ಯಾರಿಗೂ ಕೇಳ್ಸಲ್ಲ ಮೇಡಂ. ಡೈರೆಕ್ಟರಿಗೂ ಕೇಳ್ಸಿರ್ಲಿಲ್ಲ."

ಅವಳ ಎದೆ ಹೊಡೆದುಕೊಂಡ ಸದ್ದು ಹೆಡ್‌ಫೋನಿನ ಆ ಕಡೆಗೂ ಕೇಳಿಸಿತೇನೋ ಎಂದು ಅವಳಿಗೆ ಭಯವಾಯಿತು!

ಆಮೇಲೆ ಆ ಕಂಪ್ಯೂಟರಿಗೆ ಅದ್ಯಾವ ಗ್ರಹ ವಕ್ರಿಸಿತೋ! ಒಮ್ಮೆ ಹಿಂದಿನ ಕೇಬಲ್ ಸಡಿಲ. ಮತ್ತೊಮ್ಮೆ ರ್‍ಯಾಮ್. ಪ್ರತಿ ಸಲ ಶಿಲ್ಪಶ್ರೀ ಹೋಗುತ್ತಿದ್ದಳು, ಪ್ರತಿ ಸಲ ಕೊಟ್ರಪ್ಪ ಪಕ್ಕದಲ್ಲಿ ನಿಂತು "ಇದೇನವ್ವ? ಇದು ಏನ್ ಮಾಡುತ್ತೆ?" ಎಂದು ಕೇಳುತ್ತಿದ್ದರು, ಪ್ರತಿ ಸಲ ಅವಳು ಶ್ರದ್ಧೆಯಿಂದ ಹೇಳಿಕೊಡುತ್ತಿದ್ದಳು. ಆನ್ ಮಾಡುವ ಬಟನ್ನಿನಿಂದ ಒಳಗಿನ ಕಪ್ಪು ಬೋರ್ಡಿಗೆ ಬರುವ ಎರಡೆಳೆ ವೈರನ್ನೂ ತೋರಿಸಿದ್ದಳು. "ಇದು ಕಳಚಿಕೊಂಡ್ರೆ ಮಾತ್ರ ಪೂರ್ತಿ ಮೌನ ಅಂಕಲ್. ಫ್ಯಾನೂ ಇಲ್ಲ, ಲೈಟೂ ಇಲ್ಲ."

ಕೆಲಸ ಮುಗಿದ ಮೇಲೂ ಅವಳು ಕೂರುತ್ತಿದ್ದಳು. ಚಹಾ ಆಗುತ್ತಿತ್ತು. ಮೂರು ಜನ ಮಾತಾಡುತ್ತಿದ್ದರು.

ಹುಳಿಮಾವಿನ ಮನೆಯಲ್ಲಿ ಅವಳ ಅಮ್ಮ ಜಯದೇವಿ ಸುಮ್ಮನಿರುತ್ತಾರೆಯೇ? "ಏನೇ, ಜೆ.ಪಿ. ನಗರದ ಆ ಸಿಸ್ಟಮ್ ಕೆಟ್ಟ ದಿನ ಮಾತ್ರ ಕಣ್ಣಿಗೆ ಕಾಡಿಗೆ? ಬೇರೆ ಸಿಸ್ಟಮ್‌ಗಳಿಗೆ ಅಷ್ಟು ಯೋಗ್ಯತೆ ಇಲ್ವಾ?"

"ಅಮ್ಮಾ!" ಎಂದು ಗದರಿದಳೇ ಹೊರತು ಅಲ್ಲ ಎನ್ನಲಿಲ್ಲ.

ಆ ದಿನ ಬಂತು.

ಚಿದಾನಂದನಿಗೆ ಹೊಸ ಧಾರಾವಾಹಿಯೊಂದು ಸಿಕ್ಕಿತ್ತು. ಮೊದಲ ಎಪಿಸೋಡನ್ನು ಮಧ್ಯಾಹ್ನದೊಳಗೆ ಕಳಿಸಬೇಕು, ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಅವತ್ತೇ ಬೆಳಗ್ಗೆ ಸಿಸ್ಟಮ್ ಪೂರ್ತಿ ಮೌನ. ಫ್ಯಾನೂ ಇಲ್ಲ, ಲೈಟೂ ಇಲ್ಲ.

ಶಿಲ್ಪಶ್ರೀ ಓಡಿ ಬಂದು ಮುಚ್ಚಳ ತೆಗೆದಳು. ಎರಡೆಳೆಯ ಆ ವೈರು ಕಳಚಿ ಬಿದ್ದಿತ್ತು.

ಅದರ ಪಕ್ಕ, ಕಪ್ಪು ಬೋರ್ಡಿನ ಮೇಲೆ, ಬೂದು ಬಿಳುಪಿನ ಗುರುತು. ಮೂರು ಬೆರಳಿನ ಗುರುತು.

ಧೂಳಲ್ಲ. ಅವಳ ಅಪ್ಪ ಬದುಕಿದ್ದಷ್ಟು ದಿನ ಬೆಳಗ್ಗೆ ಲಿಂಗಪೂಜೆ ಮುಗಿಸಿ ಏಳುವಾಗ ಅವರ ಬೆರಳಿಗೂ ಹೀಗೇ ಅಂಟಿರುತ್ತಿತ್ತು. ಅವರು ಮುಟ್ಟಿದ ಪೇಪರಿಗೂ, ಲೋಟಕ್ಕೂ ಅದೇ ಗುರುತು. ವಿಭೂತಿಯ ಗುರುತನ್ನು ಅವಳು ಕಣ್ಣು ಮುಚ್ಚಿಯೂ ಹೇಳಬಲ್ಲಳು.

ಮೆಲ್ಲಗೆ ತಲೆಯೆತ್ತಿದಳು.

ಚಿದಾನಂದನ ಬೆನ್ನ ಹಿಂದೆ ಕೊಟ್ರಪ್ಪ ನಿಂತಿದ್ದರು. ಅವಳ ಕಣ್ಣು ಎಲ್ಲಿಗೆ ಹೋಯಿತೆಂದು ಅವರಿಗೆ ಗೊತ್ತಾಗಿತ್ತು. ಮುದುಕರು ಎದೆಯ ಹತ್ತಿರ ಎರಡೂ ಕೈ ಜೋಡಿಸಿದರು.



ಶಿಲ್ಪಶ್ರೀ ಯೋಚಿಸಲಿಲ್ಲ. ದುಪಟ್ಟಾದ ತುದಿಯಿಂದ ಗುರುತನ್ನು ಒರೆಸಿಬಿಟ್ಟಳು.

"ಏನದು?" ಅಂದ ಚಿದಾನಂದ್.

"ಧೂಳು."

ವೈರು ಸಿಕ್ಕಿಸಿದಳು. ಸಿಸ್ಟಮ್ ಎದ್ದಿತು. ಆದರೆ ಮಧ್ಯಾಹ್ನದೊಳಗೆ ಮುಗಿಸುವಷ್ಟು ಹೊತ್ತು ಉಳಿದಿರಲಿಲ್ಲ. ಅವನು ಫೋನಿನಲ್ಲಿ ಯಾರಿಗೋ "ಸಂಜೆ ಕಳಿಸ್ತೀನಿ ಸಾರ್, ಪ್ಲೀಸ್ ಸಾರ್," ಎನ್ನುತ್ತಿದ್ದಾಗ ಅವಳು ಮೆಟ್ಟಿಲಿಳಿದಳು. ಹಿಂದೆಯೇ ಕೊಟ್ರಪ್ಪ ಬಂದರು.

"ಯಾಕ್ ಅಂಕಲ್?" ಅವಳು ತಿರುಗಿ ನಿಂತಳು. "ನಾನು ಹೇಳ್ಕೊಟ್ಟಿದ್ದನ್ನೆಲ್ಲ ಕಲ್ತು... ಯಾಕೆ?"

ಅವರು ಮೆಟ್ಟಿಲ ಮೇಲೆ ಕುಸಿದು ಕೂತರು.

"ಮೊದಲನೇ ಸಲ ನಿಜವಾಗ್ಲೂ ಪೊರಕೇನೇ ತಗುಲಿದ್ದು ತಾಯಿ. ಅವತ್ತು ಚಿದು ರೂಮಿಂದ ಆಚೆ ಬಂದು ನನ್ನ ಪಕ್ಕ ಕೂತ್ಕೊಂಡು ಉಂಡ. ಎಷ್ಟೋ ಕಾಲದ ಮೇಲೆ. ಆಮೇಲೆ... ನಂಗೆ ಆಸೆ ತಡ್ಕೊಳ್ಳೋಕಾಗ್ಲಿಲ್ಲ. ಇವತ್ತು ಇಷ್ಟು ಮುಖ್ಯದ ಕೆಲ್ಸ ಇದೆ ಅಂತ ಗೊತ್ತಿರ್ಲಿಲ್ಲ."

"ಬಾಯಿ ಬಿಟ್ಟು ಕರೀಬಹುದಿತ್ತಲ್ವಾ?"

"ಹೇಗೆ ಕರೀಲಿ?"

ಆಮೇಲೆ ಅವರು ಹೇಳಿದ್ದನ್ನು ಶಿಲ್ಪಶ್ರೀ ನಿಂತೇ ಕೇಳಿದಳು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಕೊಟ್ರಪ್ಪ ತರಕಾರಿ ತರಲು ಹೋಗಿದ್ದರು. ಅಡುಗೆಮನೆಯಲ್ಲಿ ಅವರ ಹೆಂಡತಿ ಸರ್ವಮಂಗಳಾಗೆ ಎದೆನೋವು ಬಂತು. ಮಗನನ್ನು ಕರೆದರು. ಪಕ್ಕದ ರೂಮಿನಲ್ಲೇ ಇದ್ದ ಮಗ, ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರದೋ ಅಳುವನ್ನು ಸರಿಪಡಿಸುತ್ತಿದ್ದ. ಕೆಳಮನೆಯ ಬೈಲಪ್ಪನಿಗೆ ಆ ಕರೆ ಕೇಳಿಸಿತ್ತು, ಮಗ ಇದ್ದಾನಲ್ಲ ಅಂತ ಸುಮ್ಮನಾಗಿದ್ದ. ಕೊಟ್ರಪ್ಪ ಹಿಂದಿರುಗಿದಾಗ ಮನೆಯೆಲ್ಲ ಸೀದ ಹಾಲಿನ ವಾಸನೆ. ಸ್ವಲ್ಪ ಮುಂಚೆ ಕರೆತಂದಿದ್ದರೆ... ಎಂದಿದ್ದರು ಡಾಕ್ಟರು.

"ಅವತ್ತಿಂದ ಒಂದು ಕಿವಿ ಬಿಟ್ಕೊಂಡೇ ಕೆಲ್ಸ ಮಾಡ್ತಾನೆ. ಒಂದು ಕೆಲ್ಸಕ್ಕೆ ಎರಡು ಕೆಲ್ಸ. ಊಟ ಇಲ್ಲ, ಮಾತಿಲ್ಲ. 'ಹೆಡ್‌ಫೋನ್ ತೆಗಿ, ಆಚೆ ಬಾರೋ' ಅಂತ ನಾನು ಅಂದ್ರೆ ಅವನಿಗೆ ಏನ್ ಕೇಳ್ಸುತ್ತೆ ಹೇಳು? ಅವತ್ತು ನೀನು ತೆಗೀಲಿಲ್ವಲ್ಲ ಅಂತ ಕೇಳ್ಸುತ್ತೆ. ಆ ದಿನದ ಬಗ್ಗೆ ನಾನು ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ. ನಾನೇ ಮಿಷನ್ ಕೆಡಿಸ್ತಿದ್ದೆ ಅಂತ ಗೊತ್ತಾದ್ರೆ... ಅಮ್ಮನ್ನ ಕೊಂದ ಮಿಷನ್ ಅಂತ ಅಪ್ಪ ಸೇಡು ತೀರಿಸ್ಕೊಂಡ ಅಂದ್ಕೋತಾನೆ. ಹೇಳ್ಬೇಡ ತಾಯಿ. ನನ್ನ ಮಗ ಉಳಿಯಲ್ಲ."

ಶಿಲ್ಪಶ್ರೀ ಕಣ್ಣೊರೆಸಿಕೊಂಡಳು.

"ಹೇಳಲ್ಲ ಅಂಕಲ್. ಮಾತು ಕೊಡ್ತೀನಿ. ಆದ್ರೆ ಇನ್ಮೇಲೆ ಮುಟ್ಬೇಡಿ."

ಬಿಸಿತುಪ್ಪವನ್ನು ಬಾಯಿಗೆ ಹಾಕಿಕೊಂಡಿದ್ದೇನೆ, ಇನ್ನು ನುಂಗುವಂತಿಲ್ಲ ಉಗುಳುವಂತಿಲ್ಲ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ ಸಂಜೆ.

ಚಿದಾನಂದ್ ಅಂಗಡಿಗೆ ಬಂದ. ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಅವಳು ಎದ್ದು ನಿಂತಳು, ಮುಖ ಅರಳಿತು. ಅವನ ಮುಖ ನೋಡಿ ಅದು ಹಾಗೇ ಬಾಡಿತು.

"ಹೊಸ ಸೀರಿಯಲ್ ಬೇರೆಯವರಿಗೆ ಹೋಯ್ತು," ಅಂದ.

"ಅಯ್ಯೋ..."

"ಬೆಳಗ್ಗೆ ಒಳಗೆ ಏನೋ ಒರೆಸಿದ್ರಿ. ಏನದು?"

"ಹೇಳಿದ್ನಲ್ಲ. ಧೂಳು."

"ಧೂಳನ್ನ ನೀವು ಬ್ರಷ್‌ನಲ್ಲಿ ತೆಗೀತೀರ. ಪ್ರತಿ ಸಲ ನೋಡಿದೀನಿ. ಇವತ್ತು ದುಪಟ್ಟಾದಲ್ಲಿ ಒರೆಸಿದ್ರಿ, ಅವಸರವಾಗಿ." ಅವನ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಬಿಟಿಎಂನಲ್ಲಿ ಕಂಪ್ಯೂಟರ್ ಗೊತ್ತಿರೋ ಫ್ರೆಂಡ್ ಒಬ್ಬನ್ನ ಕೇಳ್ದೆ. ಆ ವೈರ್ ತಾನಾಗೇ ಬಿಚ್ಕೊಳ್ಳಲ್ವಂತೆ. ಅರ್ಧಂಬರ್ಧ ಸಿಕ್ಕಿಸಿ ಹೋದ್ರೆ ನಾಲ್ಕು ದಿನಕ್ಕೆ ಕಳಚ್ಕೊಳ್ಳುತ್ತಂತೆ. ನಮ್ಮನೇಲಿ ಇರೋದು ನಾನು, ಅಪ್ಪ. ಅಪ್ಪಂಗೆ ಮೊಬೈಲಲ್ಲಿ ಒಂದು ಫೋಟೋ ತೆಗೆಯೋಕೂ ಬರಲ್ಲ. ಮಿಕ್ಕಿದ್ಯಾರು?"

"ಮಿಕ್ಕಿದ್ದು ನಾನು," ಅಂದಳು ಶಿಲ್ಪಶ್ರೀ. 

"ಹೌದೋ ಅಲ್ವೋ ಹೇಳಿ. ನೀವು ಅಲ್ಲ ಅಂದ್ರೆ ನಂಬ್ತೀನಿ. ಆದ್ರೆ ಒರೆಸಿದ್ದೇನು ಅಂತಾನೂ ಹೇಳ್ಬೇಕು."

'ವಿಭೂತಿ... ನಿಮ್ಮಪ್ಪನ ಬೆರಳಿನ ವಿಭೂತಿ!' ಮಾತು ಗಂಟಲವರೆಗೆ ಬಂತು. ಜೋಡಿಸಿದ ಎರಡು ಮುದಿ ಕೈಗಳು ಕಣ್ಣ ಮುಂದೆ ಬಂದವು. ಅವಳು ಸುಮ್ಮನಾದಳು.

ಆ ಮೌನವನ್ನು ಅವನು ತಪ್ಪೊಪ್ಪಿಗೆ ಅಂದುಕೊಂಡ.

"ಯಾಕ್ ಮಾಡಿದ್ರಿ? ದುಡ್ಡಿಗಾ? ಇಲ್ಲಾ... ನನ್ನನ್ನ ನೋಡೋಕೆ ಬರೋ ನೆಪಕ್ಕಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವಳು ಅವನಿಗಾಗಿ ಕಣ್ಣಿಗೆ ಹಚ್ಚಿದ್ದ ಕಾಡಿಗೆ ಆ ಒಂದು ಮಾತಿಗೆ ಕರಗಿ ಕೆನ್ನೆಗಿಳಿಯಿತು.

"ಹೋಗಿ ಸಾರ್," ಅಂದಳು. "ಇಲ್ಲಿಂದ ಹೋಗಿ."

ಅವನು ಹೋದ. ಹೋದವನು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮನಸ್ಸಿಟ್ಟವರೇ ಮೋಸ ಮಾಡಿದರು ಅಂತ ಅನ್ನಿಸಿದಾಗ ಮನುಷ್ಯ ಎಷ್ಟು ಸಣ್ಣವನಾಗುತ್ತಾನೆ ನೋಡಿ! ತಮ್ಮ ಕ್ರಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದ: ಜಯನಗರ ಒಂಬತ್ತನೇ ಬ್ಲಾಕಿನಿಂದ ಕಂಪ್ಯೂಟರ್ ರಿಪೇರಿಗೆ ಬರುವವರನ್ನು ನಂಬುವ ಮುಂಚೆ ಯೋಚಿಸಿ, ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ನಮ್ಮ ಮನೆಯಲ್ಲಿ ಕಂಡಿದ್ದೇನೆ.

ಆ ಗ್ರೂಪಿನಿಂದ ಇನ್ನೊಂದಕ್ಕೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಊರ ಬಾಯಿಗೆ ಬೀಗ ಹಾಕಲು ಯಾರಿಂದ ತಾನೆ ಆಗುತ್ತದೆ?

ಫೋನು ಮೌನವಾಯಿತು. ಬನಶಂಕರಿಯ ಟ್ಯೂಷನ್ ಸೆಂಟರಿನವರು ತಮ್ಮ ಎಲ್ಲ ಸಿಸ್ಟಮ್‌ಗಳನ್ನು ಅವಳಿಗೇ ಒಪ್ಪಿಸಿದ್ದರು. "ಸದ್ಯಕ್ಕೆ ಬೇಡ ಮೇಡಂ," ಅಂದರು. ರಿಪೇರಿಗೆ ಬಿಟ್ಟಿದ್ದ ಕಂಪ್ಯೂಟರನ್ನು ಒಬ್ಬರು ವಾಪಸ್ ಒಯ್ಯುವಾಗ ಅಂಗಡಿಯಲ್ಲೇ ಬಿಚ್ಚಿಸಿ, ಒಳಗಿನ ಭಾಗಗಳೆಲ್ಲ ಇವೆಯೇ ಎಂದು ಎಣಿಸಿಕೊಂಡರು. ಅವಳು ಅವರೆದುರೇ ಸ್ಕ್ರೂ ಹಾಕಿಕೊಟ್ಟಳು. ಕೈ ಎರಡು ಸಲ ಜಾರಿತು.

ಇನ್ನೂ ದೊಡ್ಡ ಸಂಕಟ ಬೇರೆಯೇ ಇತ್ತು. ಕೊಟ್ರಪ್ಪ ಮಾತು ಉಳಿಸಿಕೊಂಡಿದ್ದರು, ಸಿಸ್ಟಮ್ ಮುಟ್ಟಿರಲಿಲ್ಲ. ಅವಳು ಹೋಗುವುದು ನಿಂತ ಮೇಲೆ ಆ ಸಿಸ್ಟಮ್ ಒಂದು ದಿನವೂ ಕೆಡಲಿಲ್ಲ. ಚಿದಾನಂದನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

'ಕೆಡ್ಲಿ ದೇವರೇ... ಒಂದೇ ಒಂದ್ಸಲ ಅದು ಕೆಡ್ಲಿ,' ಅಂತ ಒಂದು ಬೆಳಗ್ಗೆ ಬೇಡಿಕೊಂಡಳು. ಕಂಪ್ಯೂಟರ್ ರಿಪೇರಿ ಮಾಡುವವಳು ಬ್ರಹ್ಮಾಂಡದಲ್ಲಿ ಇಂಥ ಬೇಡಿಕೆ ಇಟ್ಟದ್ದು ಅದೇ ಮೊದಲಿರಬೇಕು. ಮರುಕ್ಷಣ ಆ ಮುದುಕರ ಮುಖ ನೆನಪಾಗಿ, 'ಬೇಡ, ಬೇಡ' ಎಂದು ಅತ್ತಳು.

"ಶಟರ್ ಎಳೆದುಬಿಡ್ತೀನಮ್ಮ," ಅಂದಳು ಜಯದೇವಿಯ ತೊಡೆಯ ಮೇಲೆ ತಲೆಯಿಟ್ಟು. "ಎಲ್ಲಾದ್ರೂ ಸರ್ವೀಸ್ ಸೆಂಟರಲ್ಲಿ ಕೆಲ್ಸಕ್ಕೆ ಸೇರ್ತೀನಿ. ನನ್ನ ಹೆಸರು ಇದ್ರೆ ತಾನೇ ಬೋರ್ಡು?"

ಅಮ್ಮ ಅವಳ ಕೂದಲಲ್ಲಿ ಬೆರಳಾಡಿಸುತ್ತಾ ಕೂತರು.

ಮೋಡ ಮುಸುಕಿದ ಒಂದು ಮಧ್ಯಾಹ್ನ ಶಿಲ್ಪಶ್ರೀ ಅಂಗಡಿಯ ಸಾಮಾನುಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಬಾಗಿಲಿಗೆ ಯಾರೋ ಅಡ್ಡ ಬಂದು ಬೆಳಕು ಕಡಿಮೆಯಾಯಿತು.

"ಶಿಲ್ಪ..."

ಅವಳು ತಿರುಗಲಿಲ್ಲ. ಆ ಧ್ವನಿ ಯಾರದೆಂದು ತಿರುಗದೆಯೇ ಗೊತ್ತಿತ್ತು. ಇಷ್ಟು ದಿನ ಮೇಡಂ ಅನ್ನುತ್ತಿದ್ದವನ ಬಾಯಲ್ಲಿ ಆ ಹೆಸರು ಕೇಳಿ ಮೈಯೆಲ್ಲ ಉರಿಯಿತು.

"ಸರ್ವೀಸ್ ನಿಲ್ಲಿಸಿದೀವಿ ಸಾರ್. ಬೇರೆ ಕಡೆ ಹೋಗಿ."

"ಅಪ್ಪ ಎಲ್ಲಾ ಹೇಳಿದ್ರು."

ಅವಳ ಕೈಯಲ್ಲಿದ್ದ ಡಬ್ಬ ನೆಲಕ್ಕೆ ಬಿದ್ದು ಸ್ಕ್ರೂಗಳು ಚೆಲ್ಲಾಪಿಲ್ಲಿಯಾದವು.

ಚಿದಾನಂದ್ ಹೊಸಿಲು ದಾಟಲಿಲ್ಲ. ಅಲ್ಲೇ ನಿಂತು ಮಾತಾಡಿದ. 

"ಗ್ರೂಪಲ್ಲಿ ನಾನು ಬರೆದಿದ್ದು ನಿನ್ನೆ ಸಂಜೆ ಬೈಲಪ್ಪನೋರ ಬಾಯಿಂದ ಅಪ್ಪಂಗೆ ಗೊತ್ತಾಗಿದೆ. ಊಟ ಮಾಡ್ಲಿಲ್ಲ. ಇವತ್ತು ಬೆಳಗ್ಗೆ ಪೂಜೆ ಮುಗಿಸಿ ಸೀದಾ ರೂಮಿಗೆ ಬಂದ್ರು. ನಾನು ಕೆಲ್ಸ ಮಾಡ್ತಿದ್ದೆ. ನನ್ನ ಕಣ್ಣೆದುರಿಗೇ ಹಿಂದ್ಗಡೆ ಕೈ ಹಾಕಿ ಸ್ವಿಚ್ ಆರಿಸಿದ್ರು. 'ನಾನೇ ಕಣೋ. ಆ ಹುಡುಗಿ ಅಲ್ಲ. ನಿನ್ ಜೊತೆ ಕೂತು ಉಣ್ಣೋಕೆ ನಂಗೆ ಬೇರೆ ದಾರಿ ಕಾಣ್ಲಿಲ್ಲ' ಅಂದ್ರು."

ಶಿಲ್ಪಶ್ರೀ ಈಗ ತಿರುಗಿದಳು. "ನೀವು... ನೀವು ಏನಂದ್ರಿ ಅವರಿಗೆ? ಬೈದ್ರಾ?"

"ಇಲ್ಲ. 'ಅಪ್ಪ, ಒಂದ್ಸಲ ನನ್ನನ್ನ ಬೈದುಬಿಡು' ಅಂದೆ. 'ಅಮ್ಮ ಕರೆಯೋವಾಗ ನೀನೆಲ್ಲಿದ್ದೆ ಅಂತ ಕೇಳಿಬಿಡು.' ಎರಡು ವರ್ಷದಿಂದ ಅದನ್ನೇ ಕಾಯ್ತಿದ್ದೆ ಶಿಲ್ಪ. ಅವರು ಏನಂದ್ರು ಗೊತ್ತಾ?"

ಅವನು ಬಾಗಿಲ ಚೌಕಟ್ಟಿಗೆ ಒರಗಿದ.

"'ನಾನು ತರಕಾರಿಗೆ ಹೋಗದೆ ಮನೇಲಿರ್ಬೇಕಿತ್ತು ಅಂತ ದಿನಾ ನನ್ನನ್ನೇ ಬೈಕೊಳ್ತಿದೀನಿ, ನಿನ್ನ ಬೈಯೋಕೆ ಪುರುಸೊತ್ತೆಲ್ಲಿತ್ತೋ' ಅಂದ್ರು. ಇಬ್ರೂ ನೆಲದ ಮೇಲೆ ಕೂತು ಅತ್ವಿ. ಅಮ್ಮ ಹೋದ ದಿನ ಅಳ್ಬೇಕಾಗಿದ್ದನ್ನ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಶಿಲ್ಪಶ್ರೀ ಕಣ್ಣೊರೆಸಿಕೊಂಡಳು. ಮುದುಕರ ಎದೆ ಹಗುರವಾಯಿತಲ್ಲ ಎಂಬ ಸಮಾಧಾನ ಒಂದು ಕಡೆ. ಆದರೆ ತನ್ನ ಎದೆಯಲ್ಲಿ ಮುರಿದ ಮುಳ್ಳು ಹಾಗೇ ಇತ್ತು.

"ನಿಮ್ಮಿಬ್ಬರದು ಸರಿ ಹೋಯ್ತು, ಸಂತೋಷ," ಅಂದಳು. "ನಂದು? ನನ್ನ ಹೆಸರು? ಅದು ಬಿಡಿ... ನಿಮ್ಮನ್ನ ನೋಡೋಕೆ ನೆಪ ಹುಡುಕೋ ಹೆಂಗಸು ಅಂದ್ರಲ್ಲ. ಅದನ್ನ ಯಾವ ಗ್ರೂಪಲ್ಲಿ ಅಳಿಸ್ತೀರ?"

"ಗ್ರೂಪಲ್ಲಿ ನಿಜ ಬರೆದೆ. ತಪ್ಪು ನಂದು ಅಂತ ನನ್ನ ಹೆಸರು ಹಾಕಿ ಬರೆದೆ. ಅದು ಸಾಲಲ್ಲ ಅಂತ ಬೆಳಗ್ಗೆಯಿಂದ ಮನೆ ಮನೆಗೆ ಹೋಗಿ ಹೇಳ್ತಿದೀನಿ. ಟ್ಯೂಷನ್ ಸೆಂಟರ್‌ಗೂ ಹೋಗಿದ್ದೆ." ಅವನು ತಲೆ ತಗ್ಗಿಸಿದ. "ಆದ್ರೆ ಆ ಮಾತು... ಅದನ್ನ ಅಳ್ಸೋಕೆ ನಂಗೆ ಗೊತ್ತಿಲ್ಲ. ಗೊತ್ತಿದ್ರೆ ಇಲ್ಲಿ ನಿಂತಿರ್ತಿರ್ಲಿಲ್ಲ."

ಅವಳು ಬಗ್ಗಿ ಸ್ಕ್ರೂಗಳನ್ನು ಆಯತೊಡಗಿದಳು. ಅವನೂ ಹೊಸಿಲ ಆಚೆಯೇ ಕುಕ್ಕರಗಾಲಲ್ಲಿ ಕೂತು, ತನ್ನ ಕಾಲ ಬಳಿ ಉರುಳಿದ್ದವನ್ನು ಆಯ್ದ. 

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಶಿಲ್ಪ. ಎಲ್ಲಾ ಕಳ್ಕೊಂಡ್ರೂ ಯಾಕೆ ಸುಮ್ನಿದ್ರಿ?"

"ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ."

"ಅಷ್ಟೇನಾ?"

ಅವಳ ಕೈ ನಿಂತಿತು. ಸುಳ್ಳು ಹೇಳಬಹುದಿತ್ತು. ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ಅಷ್ಟೇ ಅಲ್ಲ," ಅಂದಳು. "ಹೇಳಿದ್ರೆ ನೀವು ಮತ್ತೆ ಆ ಅಡುಗೆಮನೆ ಬಾಗಿಲಿಗೆ ಹೋಗಿ ನಿಲ್ತಿದ್ರಿ. ನನ್ನ ಹೆಸರು ಹಾಳಾದ್ರೆ ಇನ್ನೊಂದು ಕಡೆ ಹೋಗಿ ಸಂಪಾದಿಸ್ಕೋಬಹುದು. ನೀವು ಹಾಳಾದ್ರೆ..."

ಮುಂದಿನ ಮಾತು ಬೇಕಾಗಿರಲಿಲ್ಲ. 

ಚಿದಾನಂದ್ ಮುಖ ಮುಚ್ಚಿಕೊಂಡು ಅತ್ತ. ಒಂಬತ್ತನೇ ಬ್ಲಾಕಿನ ಆ ರಸ್ತೆಯಲ್ಲಿ ಹಾಡಹಗಲೇ, ಹೋಗಿ ಬರುವವರೆಲ್ಲ ನೋಡುತ್ತಿರುವಾಗ, ಗಂಡಸೊಬ್ಬ ಅಂಗಡಿಯ ಹೊಸಿಲಲ್ಲಿ ಕೂತು ಮಗುವಿನಂತೆ ಅತ್ತ.

"ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋ ಯೋಗ್ಯತೆ ನಂಗಿಲ್ಲ," ಅಂದ ಕೊನೆಗೆ.

"ಇಲ್ಲ," ಅಂದಳು ಶಿಲ್ಪಶ್ರೀ. "ಖಂಡಿತಾ ಇಲ್ಲ." ಅವಳ ಕಣ್ಣಲ್ಲೂ ನೀರು. "ಆದ್ರೂ ಹೇಳಿ."

"ಪ್ರೀತಿಸ್ತೀನಿ ಶಿಲ್ಪ."

"ನಂಗಿನ್ನೂ ಸಿಟ್ಟಿದೆ."

"ಇರ್ಲಿ."

"ಬೇಗ ಹೋಗಲ್ಲ ಅದು."

"ಹೋಗೋವರೆಗೂ ಇಲ್ಲೇ ಇರ್ತೀನಿ."

ಅವಳು ಆಯ್ದ ಸ್ಕ್ರೂಗಳನ್ನು ಮೇಜಿನ ಮೇಲಿಟ್ಟಳು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ಧೂಳು ಕೊಡವಿ, ತನ್ನ ಕುರ್ಚಿಯ ಪಕ್ಕಕ್ಕೆ ಹಾಕಿದಳು.

"ಇರೋದಾದ್ರೆ ಹೊಸಿಲಲ್ಲಿ ಯಾಕೆ?" ಅಂದಳು. "ಒಳಗ್ ಬಂದು ಕೂತ್ಕೊಳ್ಳಿ."